ತಲೆಬುರುಡೆ ಪತಂಗದ ಪ್ರಭೇದ ಗುರುತಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಬೆನ್ನ ಮೇಲೆ ಬುರುಡೆಯ ಗುರುತು ಕಂಡೊಡನೆ ಹೆಸರು ಸಿಕ್ಕಿತು ಎಂದುಕೊಳ್ಳುವಲ್ಲೇ ಹೆಚ್ಚಿನವರು ಎಡವುತ್ತಾರೆ. ಆ ಗುರುತಿನಿಂದ ತಿಳಿಯುವುದು ಇಷ್ಟೇ: ಇದು ಹಾಕ್ ಪತಂಗಗಳ ಸ್ಫಿಂಜಿಡೇ ಕುಟುಂಬಕ್ಕೆ ಸೇರಿದ ಅಕೆರೋಂಟಿಯಾ ಕುಲದ ಪತಂಗ. ಈ ಕುಲದಲ್ಲಿ ಅಟ್ರೋಪೋಸ್, ಸ್ಟಿಕ್ಸ್, ಲ್ಯಾಕೆಸಿಸ್ ಎಂಬ ಮೂರು ಪ್ರಭೇದಗಳಿವೆ. ಮೂರಕ್ಕೂ ಬೆನ್ನ ಮೇಲೆ ಬುರುಡೆಯ ಗುರುತು ಇದೆ.

ಅವನ್ನು ಒಂದರಿಂದ ಒಂದು ಬೇರ್ಪಡಿಸುವ ಗುರುತುಗಳು ಪತಂಗ ಸುಮ್ಮನೆ ಕುಳಿತಾಗ ಕಾಣುವುದೇ ಇಲ್ಲ. ಹಿಂದಿನ ರೆಕ್ಕೆಯ ಬುಡ, ಮುಂದಿನ ರೆಕ್ಕೆಯ ಅಡಿಭಾಗ, ಹೊಟ್ಟೆಯ ಕೆಳಮೈ: ನಿರ್ಧಾರ ಆಗಬೇಕಾದದ್ದು ಅಲ್ಲಿ. ‘ಇದು ಯಾವುದು ಹೇಳಿ’ ಎಂದು ಬರುವ ಫೋಟೋಗಳೆಲ್ಲ ಬೆನ್ನಿನವೇ ಆಗಿರುತ್ತವೆ. ಅದಕ್ಕೇ ಉತ್ತರ ಸಿಗುವುದಿಲ್ಲ. ಕೆಳಗಿನ ಹಂತಗಳನ್ನು ಬರೆದ ಅನುಕ್ರಮದಲ್ಲೇ ಮಾಡಿ. ಅನುಕ್ರಮ ತಪ್ಪಿದರೆ ನಡುವೆ ಪತಂಗ ಹಾರಿಹೋಗುತ್ತದೆ, ಕೈಯಲ್ಲಿ ಅರ್ಧ ಮಾಹಿತಿ ಉಳಿಯುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತಂಗ ಕಚ್ಚುವುದಿಲ್ಲ, ಕುಟುಕುವುದಿಲ್ಲ, ಮನುಷ್ಯರಿಗೆ ಇದರಿಂದ ವಿಷವಿಲ್ಲ. ಬುರುಡೆಯ ಗುರುತನ್ನು ಕೆಟ್ಟ ಶಕುನವೆಂದು ಎಣಿಸಿ ಚಪ್ಪಲಿಯಲ್ಲಿ ಹೊಡೆದು ಕೊಲ್ಲುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಗುರುತಿಸುವುದಕ್ಕೂ ಅದನ್ನು ಕೊಲ್ಲಬೇಕಾಗಿಲ್ಲ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

- ಬೆಳಕು ತಗ್ಗಿಸಲು ಬರುವ ಟಾರ್ಚ್ ಮತ್ತು ಅದರ ಗಾಜಿಗೆ ಸುತ್ತಲು ಕೆಂಪು ಪಾರದರ್ಶಕ ಹಾಳೆ
- ಸೆಂಟಿಮೀಟರ್ ಗುರುತುಗಳಿರುವ ಅಳತೆಪಟ್ಟಿ
- ಕನಿಷ್ಠ 15 ಸೆಂ.ಮೀ. ಅಗಲದ, ಅಡಿ ಸಮತಟ್ಟಾಗಿರುವ ಪಾರದರ್ಶಕ ಡಬ್ಬಿ
- ಡಬ್ಬಿಯ ಬಾಯಿ ಮುಚ್ಚುವಷ್ಟು ದೊಡ್ಡ ಗಟ್ಟಿ ರಟ್ಟು
- ಚಿತ್ರ ಬಿಡಿಸುವ ಮೃದು ಕುಂಚ
- ಕ್ಯಾಮೆರಾ ಅಥವಾ ಮೊಬೈಲ್, ಒಂದು ನೋಟ್‌ಪುಸ್ತಕ

ಬಲೆ ಬೇಡ. ಬಲೆಯೊಳಗೆ ಬಡಿದಾಡುವಾಗ ರೆಕ್ಕೆಯ ಹುರುಪೆಗಳು ಉದುರುತ್ತವೆ, ನಾವು ಹುಡುಕುವ ಗುರುತುಗಳೆಲ್ಲ ಆ ಹುರುಪೆಗಳ ಬಣ್ಣದಲ್ಲೇ ಇರುತ್ತವೆ. ಡಬ್ಬಿ ಚಿಕ್ಕದಾದರೂ ಅದೇ ಹಾನಿ. ರೆಕ್ಕೆ ಬಿಡಿಸಿದಾಗ 13 ಸೆಂ.ಮೀ. ತನಕ ಅಗಲವಾಗುವ ಪತಂಗವನ್ನು ಉಪ್ಪಿನಕಾಯಿ ಜಾಡಿಗೆ ತುರುಕಬಾರದು.

## ಹಂತ 1: ಹತ್ತಿರ ಹೋಗುವ ಮೊದಲು ಬರೆದುಕೊಳ್ಳಿ

ದಿನಾಂಕ, ಹೊತ್ತು, ಜಾಗ, ಪತಂಗ ಕುಳಿತದ್ದು ಯಾವುದರ ಮೇಲೆ, ಸುತ್ತ ಯಾವ ಗಿಡಗಳಿವೆ, ಹತ್ತಿರದಲ್ಲಿ ದೀಪವಿತ್ತೇ, ಜೇನುಗೂಡಿತ್ತೇ. ಇದು ಒಂದು ನಿಮಿಷದ ಕೆಲಸ. ಆಮೇಲೆ ಬರೆಯೋಣ ಎಂದು ಬಿಟ್ಟವರು ಯಾವಾಗಲೂ ಹತ್ತಿರದ ಗಿಡದ ಹೆಸರನ್ನೇ ಮರೆಯುತ್ತಾರೆ. ಮರಿಹುಳು ಹುಡುಕುವ ಹಂತದಲ್ಲಿ ಬೇಕಾಗುವುದು ಅದೇ.

## ಹಂತ 2: ಹಾಕ್ ಪತಂಗ ಹೌದೇ ಎಂದು ಖಚಿತಪಡಿಸಿಕೊಳ್ಳಿ

ದೊಡ್ಡ ಪತಂಗಗಳೆಲ್ಲ ಹಾಕ್ ಪತಂಗಗಳಲ್ಲ. ಅಟ್ಲಾಸ್ ಪತಂಗದಂಥ ರೇಷ್ಮೆ ಪತಂಗಗಳಿಗೆ ಅಗಲವಾದ ರೆಕ್ಕೆ, ಗರಿಯಂಥ ಕುಡಿಮೀಸೆ, ದೇಹ ಮಾತ್ರ ಸಣ್ಣದು. ಹಾಕ್ ಪತಂಗದಲ್ಲಿ ಇದು ತಿರುಗುಮುರುಗು: ದೇಹ ದಪ್ಪ, ಹಿಂಬದಿಗೆ ಚೂಪಾಗುತ್ತ ಹೋಗುತ್ತದೆ, ಮುಂದಿನ ರೆಕ್ಕೆ ಉದ್ದ ಮತ್ತು ಕಿರಿದು, ಕುಡಿಮೀಸೆ ದಪ್ಪಗಿದ್ದು ತುದಿಯಲ್ಲಿ ಸಣ್ಣದಾಗಿ ಕೊಕ್ಕೆಯಾಗುತ್ತದೆ. ಕುಳಿತಾಗ ಮುಂದಿನ ರೆಕ್ಕೆಗಳು ಹಿಂಬದಿಗೆ ಇಳಿಜಾರಾಗಿ ಮಡಚಿಕೊಂಡು ಹಿಂದಿನ ರೆಕ್ಕೆಯನ್ನು ಪೂರ್ತಿ ಮುಚ್ಚಿರುತ್ತವೆ.

## ಹಂತ 3: ಮೋಸ ಮಾಡುವ ಎರಡು ನೆಂಟರನ್ನು ದೂರವಿಡಿ

ಬುರುಡೆಯ ಗುರುತು ಸ್ಪಷ್ಟವಾಗಿದ್ದರೆ ಈ ಹಂತ ದಾಟಿ ಮುಂದೆ ಹೋಗಬಹುದು. ಆದರೆ ಹಳೆಯ, ಸವೆದ ಪತಂಗದ ಬೆನ್ನಿನ ಕೂದಲುಹುರುಪೆ ಉದುರಿ ಅಲ್ಲಿ ಬೋಳು ಚಿಪ್ಪು ಮಾತ್ರ ಉಳಿದಿರುವುದುಂಟು. ಆಗ ಇವೆರಡರೊಂದಿಗೆ ಗೊಂದಲವಾಗುತ್ತದೆ.

ಮೊದಲನೆಯದು ಅಗ್ರಿಯಸ್ ಕನ್ವಾಲ್ವುಲಿ, ಸಿಹಿಗೆಣಸಿನ ಬಳ್ಳಿಯಲ್ಲಿ ಬೆಳೆಯುವ ಹಾಕ್ ಪತಂಗ. ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಇದರ ಹೊಟ್ಟೆಯ ಎರಡೂ ಪಕ್ಕದಲ್ಲಿ ಗುಲಾಬಿ ಮತ್ತು ಕಪ್ಪು ಪಟ್ಟೆಗಳಿರುತ್ತವೆ. ಅಕೆರೋಂಟಿಯಾದ್ದು ಹಳದಿ ಮತ್ತು ಕಪ್ಪು. ಅದಕ್ಕಿಂತ ದೊಡ್ಡ ವ್ಯತ್ಯಾಸ ಸೊಂಡಿಲಿನದು. ಅಗ್ರಿಯಸ್‌ನ ಸೊಂಡಿಲು ಬಿಚ್ಚಿದರೆ ಅದರ ದೇಹಕ್ಕಿಂತ ಉದ್ದ, ಆಳವಾದ ಹೂಗಳಿಂದ ಮಕರಂದ ಹೀರಲು ಹೊಂದುವಂಥದ್ದು. ಅಕೆರೋಂಟಿಯಾದ ಸೊಂಡಿಲು ಗಿಡ್ಡ, ದಪ್ಪ, ಗಟ್ಟಿ.

ಎರಡನೆಯದು ಸೈಲೋಗ್ರಾಮ ಕುಲದ ಬೂದು ಪತಂಗ. ಅದರ ಮೈಯಲ್ಲಿ ಹಳದಿ ಎಲ್ಲಿಯೂ ಇರುವುದಿಲ್ಲ. ಅಷ್ಟು ನೋಡಿದರೆ ಸಾಕು.

## ಹಂತ 4: ನಾಲ್ಕು ಫೋಟೋ, ಇದೇ ಅನುಕ್ರಮದಲ್ಲಿ

ಇಡೀ ಕೆಲಸದ ತಿರುಳು ಇಲ್ಲಿದೆ. ಇಲ್ಲಿ ಆತುರಪಟ್ಟರೆ ಮುಂದಿನ ಯಾವ ಹಂತವೂ ನೆರವಾಗುವುದಿಲ್ಲ.

ಬೆನ್ನು. ಪತಂಗವನ್ನು ಮುಟ್ಟದೆ, ನೇರ ಮೇಲಿನಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಫ್ಲ್ಯಾಶ್ ಬೇಡ, ಹುರುಪೆಗಳು ಹೊಳೆದು ಬಣ್ಣ ಬದಲಾಗಿ ಕಾಣುತ್ತದೆ. ಕೆಂಪು ಬೆಳಕಿನಲ್ಲಿ ಪತಂಗ ಕಡಿಮೆ ಕೆರಳುತ್ತದೆ, ಹಾಗಾಗಿ ಹತ್ತಿರ ಹೋಗಲು ಅದನ್ನು ಬಳಸಿ. ಫೋಟೋ ಹೊಡೆಯುವಾಗ ಮಾತ್ರ ಮಂದ ಬಿಳಿ ಬೆಳಕು ಇರಲಿ. ಕೆಂಪು ಬೆಳಕಿನ ಚಿತ್ರದಲ್ಲಿ ಕಿತ್ತಳೆಗೂ ಬಿಳಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಮುಂದಿನ ರೆಕ್ಕೆಯ ನಡುವಿನ ಚುಕ್ಕೆ. ಮುಂದಿನ ರೆಕ್ಕೆಯ ಮೇಲ್ಮೈ ನಡುವೆ ಒಂದು ಪುಟ್ಟ ಚುಕ್ಕೆ ಇದೆ. ಅದರ ಬಣ್ಣ ಬೇಕು. ಹತ್ತಿರದಿಂದ ಪ್ರತ್ಯೇಕವಾಗಿ ತೆಗೆಯಿರಿ.

ಅಡಿಭಾಗ. ಕಿಟಕಿಯ ಗಾಜಿನ ಮೇಲೆ ಕುಳಿತ ಪತಂಗ ಸಿಕ್ಕರೆ ಅದು ಭಾಗ್ಯ: ಗಾಜಿನ ಆಚೆಗೆ ಹೋಗಿ ಕೆಳಮೈಯನ್ನು ತೆಗೆದರಾಯಿತು. ಇಲ್ಲವಾದರೆ ಡಬ್ಬಿಯನ್ನು ಅದರ ಮೇಲೆ ಮೆಲ್ಲಗೆ ಬೋರಲು ಹಾಕಿ. ರಟ್ಟನ್ನು ಕಾಲುಗಳ ಅಡಿಗೆ ನಿಧಾನವಾಗಿ ಜಾರಿಸಿ, ಕಾಲು ಒಂದೊಂದಾಗಿ ರಟ್ಟಿನ ಮೇಲೆ ಹತ್ತಲು ಬಿಡಿ. ಬಳಿಕ ಡಬ್ಬಿಯನ್ನು ಪಕ್ಕಕ್ಕೆ ವಾಲಿಸಿದರೆ ಪತಂಗ ಗೋಡೆಗೆ ಹತ್ತುತ್ತದೆ, ಅಡಿಭಾಗ ಹೊರಗಿನಿಂದ ಕಾಣುತ್ತದೆ. ಐದು ನಿಮಿಷ ಮೀರಿ ಡಬ್ಬಿಯಲ್ಲಿ ಇಡಬೇಡಿ.

ಹಿಂದಿನ ರೆಕ್ಕೆ. ಇದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಕುಂಚದ ತುದಿಯಿಂದ ಹಿಂಬದಿಯನ್ನು ಒಮ್ಮೆ ಮೃದುವಾಗಿ ಸೋಕಿಸಿದರೆ ಪತಂಗ ರೆಕ್ಕೆಗಳನ್ನು ಎತ್ತಿ ಹಳದಿ ಹೊಟ್ಟೆಯನ್ನೂ ಹಿಂದಿನ ರೆಕ್ಕೆಯನ್ನೂ ತೋರಿಸುತ್ತದೆ, ಜೊತೆಗೆ ಕೀಚ್ ಎಂದು ಕೂಗುತ್ತದೆ. ಕ್ಯಾಮೆರಾ ಸಿದ್ಧವಿಟ್ಟುಕೊಂಡೇ ಸೋಕಿಸಿ. ಎರಡು ಸಲ ಸೋಕಿಸಿಯೂ ರೆಕ್ಕೆ ತೆರೆಯದಿದ್ದರೆ ಬಿಟ್ಟುಬಿಡಿ.

*ಎಚ್ಚರಿಕೆಯ ಚಿಹ್ನೆ:* ರೆಕ್ಕೆಗಳು ಸಣ್ಣಗೆ ನಡುಗತೊಡಗಿದರೆ ಪತಂಗ ಹಾರಲು ಎದೆಯ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುತ್ತಿದೆ ಎಂದರ್ಥ. ನಿಮಗಿರುವ ಸಮಯ ಬಹಳ ಕಡಿಮೆ. ಡಬ್ಬಿಯಲ್ಲಿದ್ದರೆ ತಕ್ಷಣ ತೆರೆಯಿರಿ. ಮುಚ್ಚಿದ ಡಬ್ಬಿಯಲ್ಲಿ ಹಾರತೊಡಗಿದ ಹಾಕ್ ಪತಂಗ ತನ್ನ ರೆಕ್ಕೆಗಳನ್ನೇ ಹರಿದುಕೊಳ್ಳುತ್ತದೆ.

## ಹಂತ 5: ಪ್ರಭೇದ ನಿರ್ಧರಿಸುವುದು

ಈಗ ಫೋಟೋಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳಿಕೊಳ್ಳಿ.

5.1. ಹಿಂದಿನ ರೆಕ್ಕೆಯ ಬುಡ ಕಪ್ಪಾಗಿದೆಯೇ? ಹೌದಾದರೆ ಅದು ಲ್ಯಾಕೆಸಿಸ್. ಇದರ ಹಿಂದಿನ ರೆಕ್ಕೆಯಲ್ಲಿ ಕಪ್ಪು ಹೆಚ್ಚು, ಹಳದಿ ನಡುವೆ ಅಷ್ಟಿಷ್ಟು ಉಳಿದಿರುತ್ತದೆ. ಹೊಟ್ಟೆಯ ಮೇಲೂ ಕಪ್ಪು ಉಂಗುರಗಳು ಅಗಲವಾಗಿದ್ದು, ನಡುವಿನ ನೀಲಿಬೂದು ಪಟ್ಟೆ ದೊಡ್ಡದಾಗಿದ್ದು, ಹಳದಿ ಪಕ್ಕಗಳಿಗೆ ಸರಿದಿರುತ್ತದೆ. ಮೂರರಲ್ಲಿ ಒಟ್ಟಾರೆ ಕಪ್ಪಾಗಿ ಕಾಣುವುದು ಇದೇ. ರೆಕ್ಕೆಯ ಹರವು ಸಾಮಾನ್ಯವಾಗಿ 10ರಿಂದ 13 ಸೆಂ.ಮೀ.

ಬುಡ ಹಳದಿಯಾಗಿದ್ದು ಅದರ ಮೇಲೆ ಎರಡು ಕಪ್ಪು ಪಟ್ಟೆಗಳು ಮಾತ್ರ ಇದ್ದರೆ ಅಟ್ರೋಪೋಸ್ ಅಥವಾ ಸ್ಟಿಕ್ಸ್. ಮುಂದೆ ಹೋಗಿ.

5.2. ಮುಂದಿನ ರೆಕ್ಕೆಯ ಅಡಿಭಾಗದ ನಡುವೆ ಎಷ್ಟು ಪಟ್ಟೆ? ಒಂದಾದರೆ ಅಟ್ರೋಪೋಸ್, ಎರಡಾದರೆ ಸ್ಟಿಕ್ಸ್. ಇವೆರಡರ ನಡುವೆ ನಾನು ಹೆಚ್ಚು ನಂಬುವ ಗುರುತು ಇದು. ರೆಕ್ಕೆಯ ಮೇಲ್ಮೈ ಸವೆದಿದ್ದರೂ ಅಡಿಭಾಗದ ಹುರುಪೆಗಳು ಉಳಿದಿರುತ್ತವೆ.

5.3. ಹೊಟ್ಟೆಯ ಕೆಳಮೈಯಲ್ಲಿ ಅಡ್ಡ ಕಪ್ಪುಗೀರುಗಳಿವೆಯೇ? ಅಟ್ರೋಪೋಸ್‌ನಲ್ಲಿ ಇರುತ್ತವೆ. ಸ್ಟಿಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಸಾಮಾನ್ಯವಾಗಿ’ ಎಂಬುದನ್ನು ಗಮನದಲ್ಲಿಡಿ. ಇದೊಂದನ್ನೇ ನೆಚ್ಚಿ ತೀರ್ಪು ಕೊಡಬೇಡಿ.

5.4. ನಡುಚುಕ್ಕೆಯ ಬಣ್ಣವೇನು? ಅಟ್ರೋಪೋಸ್‌ನದು ಬಿಳಿಚು, ಸ್ಟಿಕ್ಸ್‌ನದು ಹೆಚ್ಚಾಗಿ ಕಿತ್ತಳೆ. ಸ್ಟಿಕ್ಸ್‌ನ ಬುರುಡೆಯ ಗುರುತೂ ತುಸು ಕಪ್ಪು, ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಕಪ್ಪು ಪಟ್ಟೆಯೊಳಗೆ ಮಾಸಲು ನೀಲಿ ಚುಕ್ಕೆಯೊಂದು ಇರುತ್ತದೆ.

5.5. ಕಟ್ಟಕಡೆಗೆ ಊರು ನೋಡಿ. ಅಟ್ರೋಪೋಸ್ ಆಫ್ರಿಕ, ದಕ್ಷಿಣ ಯುರೋಪ್, ಮೆಡಿಟರೇನಿಯನ್ ಸುತ್ತಲಿನ ನಾಡುಗಳದ್ದು. ಬೇಸಿಗೆಯಲ್ಲಿ ಉತ್ತರ ಯುರೋಪಿಗೂ ವಲಸೆ ಹೋಗುತ್ತದೆ. ಸ್ಟಿಕ್ಸ್ ಪಶ್ಚಿಮ ಏಷ್ಯಾದಿಂದ ಭಾರತ, ಚೀನಾ, ಜಪಾನ್ ತನಕ ಹಬ್ಬಿದೆ. ಲ್ಯಾಕೆಸಿಸ್ ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೆ ಇದ್ದು, ಹವಾಯಿ ದ್ವೀಪಗಳಲ್ಲೂ ನೆಲೆಯೂರಿದೆ. ಊರನ್ನು ಮೊದಲೇ ನೋಡಿದರೆ ಕಣ್ಣು ಅದಕ್ಕೆ ತಕ್ಕಂತೆ ಗುರುತುಗಳನ್ನು ಕಲ್ಪಿಸಿಕೊಳ್ಳುತ್ತದೆ. ಭಾರತದಲ್ಲಿ ಸ್ಟಿಕ್ಸ್ ಮತ್ತು ಲ್ಯಾಕೆಸಿಸ್ ಎರಡೂ ಇರುವುದರಿಂದ ಊರಿನ ಹೆಸರು ಅವೆರಡನ್ನು ಬೇರ್ಪಡಿಸುವುದೂ ಇಲ್ಲ. ಪಶ್ಚಿಮ ಏಷ್ಯಾದ ಕೆಲವೆಡೆ ಅಟ್ರೋಪೋಸ್ ಮತ್ತು ಸ್ಟಿಕ್ಸ್ ಜೊತೆಯಾಗಿ ಸಿಗುತ್ತವೆ. ಅಲ್ಲಿ ಅಡಿಭಾಗದ ಫೋಟೋ ಇಲ್ಲದೆ ಹೆಸರು ಹೇಳುವುದು ಬರೀ ಊಹೆ.

*ಪದೇ ಪದೇ ಆಗುವ ತಪ್ಪು:* ಗಾತ್ರ ನೋಡಿ ಪ್ರಭೇದ ಹೇಳುವುದು. ಮೂರರ ಅಳತೆಗಳೂ ಒಂದರ ಮೇಲೊಂದು ಹೊಂದಿಕೊಳ್ಳುತ್ತವೆ, ಮರಿಹುಳುವಾಗಿದ್ದಾಗ ಹೊಟ್ಟೆಗೆ ಸಾಲದೆ ಬೆಳೆದ ಲ್ಯಾಕೆಸಿಸ್ ಚೆನ್ನಾಗಿ ತಿಂದ ಸ್ಟಿಕ್ಸ್‌ಗಿಂತ ಸಣ್ಣದಿರಬಹುದು.

ಗಂಡೋ ಹೆಣ್ಣೋ ತಿಳಿಯಬೇಕಿದ್ದರೆ ಹೊಟ್ಟೆಯ ತುದಿ ನೋಡಿ. ಗಂಡಿನದು ಚೂಪು, ಹೆಣ್ಣಿನದು ದಪ್ಪ ಮತ್ತು ಮೊಂಡು.

## ಹಂತ 6: ಕೂಗನ್ನು ಅರ್ಥ ಮಾಡಿಕೊಳ್ಳಿ

ಕೂಗು ರೆಕ್ಕೆಯಿಂದಲೋ ಕಾಲಿನಿಂದಲೋ ಬರುವುದಲ್ಲ. ಪತಂಗ ಗಂಟಲಿನ ಪೊಳ್ಳನ್ನು ಹಿಗ್ಗಿಸಿ ಸೊಂಡಿಲಿನ ಮೂಲಕ ಗಾಳಿ ಎಳೆದುಕೊಳ್ಳುತ್ತದೆ. ಆಗ ಬಾಯಿಯೊಳಗಿನ ಒಂದು ಪುಟ್ಟ ಮಡಿಕೆ ಅದುರಿ ಪಟಪಟ ಸದ್ದಾಗುತ್ತದೆ. ಮತ್ತೆ ಗಾಳಿಯನ್ನು ಹೊರಗೆ ತಳ್ಳುವಾಗ ಸಿಳ್ಳಿನಂಥ ಚೂಪು ಸದ್ದು. ಎರಡೂ ಬಹಳ ಬೇಗ ಒಂದರ ಹಿಂದೊಂದು ಆಗುವುದರಿಂದ ನಮಗೆ ಕೇಳುವುದು ಒಂದೇ ಕೀಚಲು. ಕುಲದ ಖಚಿತತೆಗೆ ಇದು ಒಳ್ಳೆಯ ಆಧಾರ. ಪ್ರಭೇದ ಹೇಳಲು ನೆರವಾಗುವುದಿಲ್ಲ.

ಇದು ಬೆದರಿಕೆಯ ಸದ್ದು. ಕೂಗುತ್ತಲೇ ಇದ್ದರೆ ಪತಂಗ ಒತ್ತಡದಲ್ಲಿದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಆಸೆಗೆ ಮತ್ತೆ ಮತ್ತೆ ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ.

## ಹಂತ 7: ಸೊಂಡಿಲು ಮತ್ತು ಜೇನುಗೂಡು

ಗಿಡ್ಡ, ಗಟ್ಟಿ ಸೊಂಡಿಲು ಇರುವುದು ಜೇನಿನ ಮೇಣದ ಕಣಗಳನ್ನು ಚುಚ್ಚಿ ತುಪ್ಪ ಹೀರಲು. ರಾತ್ರಿ ಗೂಡಿನೊಳಗೆ ನುಗ್ಗಿದರೂ ನೊಣಗಳು ಕೂಡಲೇ ಮುತ್ತದಿರುವುದಕ್ಕೆ ಅಟ್ರೋಪೋಸ್‌ನಲ್ಲಿ ಒಂದು ಕಾರಣ ತಿಳಿದಿದೆ: ಅದರ ಮೈಮೇಲಿನ ಕೊಬ್ಬಿನಾಮ್ಲಗಳ ಮಿಶ್ರಣ ಜೇನುನೊಣದ ಮೈಮೇಲಿನದನ್ನು ಹೋಲುತ್ತದೆ. ವಾಸನೆಯಲ್ಲಿ ಅದು ಹೊರಗಿನದೆಂದು ನೊಣಗಳಿಗೆ ತಿಳಿಯುವುದಿಲ್ಲ. ಆದರೂ ಪ್ರತಿಸಲವೂ ಬಚಾವಾಗುವುದಿಲ್ಲ. ಸತ್ತ ಪತಂಗಕ್ಕೆ ನೊಣಗಳು ಮರದ ಅಂಟು ಮೆತ್ತಿ ಮುಚ್ಚಿಬಿಟ್ಟಿರುವುದು ಪೆಟ್ಟಿಗೆಗಳಲ್ಲಿ ಕಂಡುಬರುತ್ತದೆ.

ಜೇನುಪೆಟ್ಟಿಗೆ ಇಟ್ಟವರು ಬಾಗಿಲಿನ ಎತ್ತರವನ್ನು ನೊಣ ಓಡಾಡುವಷ್ಟಕ್ಕೆ ತಗ್ಗಿಸಿದರೆ ಸಾಕು. ಇಷ್ಟು ದಪ್ಪ ದೇಹ ಅಲ್ಲಿ ನುಸುಳಲಾರದು. ಔಷಧ ಸಿಂಪಡಿಸಿದರೆ ಮೊದಲು ಸಾಯುವುದು ನೊಣಗಳೇ.

## ಹಂತ 8: ಮರಿಹುಳುವನ್ನು ಹುಡುಕಿ ಗುರುತಿಸುವುದು

ಎಲೆಗಳಲ್ಲಿ ಹುಡುಕಬೇಡಿ, ನೆಲ ನೋಡಿ. ಗಿಡದ ಬುಡದಲ್ಲಿ ಉದ್ದುದ್ದ ಗೀರುಗಳಿರುವ ದಪ್ಪ ಹಿಕ್ಕೆ ಬಿದ್ದಿದ್ದರೆ ನೇರ ಮೇಲಿನ ಕೊಂಬೆಯಲ್ಲಿ ಹುಳು ಇರುತ್ತದೆ. ಹಿಕ್ಕೆ ಒಣಗಿ ಪುಡಿಯಾಗುತ್ತಿದ್ದರೆ ಹುಳು ಈಗಾಗಲೇ ಇಳಿದುಹೋಗಿದೆ. ಬದನೆ, ಆಲೂಗಡ್ಡೆ, ಟೊಮೆಟೊ, ದತ್ತೂರಿ, ತಂಬಾಕು, ಎಳ್ಳು, ಲಂಟಾನ, ಮಲ್ಲಿಗೆ, ಹಾಲಿವಾಣದ ಕುಲದ ಮರಗಳು: ಆಹಾರದ ಪಟ್ಟಿ ಉದ್ದವಿದೆ. ಎಳ್ಳಿನ ಹೊಲದಲ್ಲಿ ಸ್ಟಿಕ್ಸ್ ಪೀಡೆಯೆಂದೇ ಹೆಸರಾದದ್ದು.

ಬಲಿತ ಹುಳು 12 ಸೆಂ.ಮೀ. ದಾಟಬಹುದು. ಒಂದೇ ಪ್ರಭೇದದಲ್ಲಿ ಹಸಿರು, ಹಳದಿ, ಕಂದು ಮೂರೂ ಬಣ್ಣದ ಹುಳುಗಳಿರುತ್ತವೆ, ಆದ್ದರಿಂದ ಬಣ್ಣ ನೋಡಿ ಹೆಸರು ಹೇಳಬೇಡಿ. ಹಸಿರು ಮತ್ತು ಹಳದಿ ಹುಳುಗಳ ಪಕ್ಕದಲ್ಲಿ ಏಳು ಓರೆ ಪಟ್ಟೆಗಳಿರುತ್ತವೆ. ನೋಡಬೇಕಾದದ್ದು ಬಾಲದ ಕೊಂಬನ್ನು. ಅಕೆರೋಂಟಿಯಾದ ಬಲಿತ ಹುಳುವಿನ ಕೊಂಬಿನ ತುಂಬ ಗಂಟುಗಂಟು. ಅದು ಕೆಳಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮೇಲಕ್ಕೆ ಸುರುಳುತ್ತದೆ. ಅಗ್ರಿಯಸ್‌ನ ಕೊಂಬು ನುಣುಪು, ಒಂದೇ ಬಾಗು. ಎಳೆಯ ಅಕೆರೋಂಟಿಯಾ ಹುಳುವಿನ ಕೊಂಬು ಮಾತ್ರ ನೆಟ್ಟಗೆ, ಕಪ್ಪಗೆ ಇರುತ್ತದೆ; ಅದು ಬೆಳೆಯುವ ತನಕ ಕಾಯದೆ ಬೇರೆ ದಾರಿಯಿಲ್ಲ. ಕೊಂಬು ಚುಚ್ಚುವುದಿಲ್ಲ. ಕೆಣಕಿದರೆ ಹುಳು ದವಡೆ ಕಟಕಟಿಸುತ್ತದೆ, ಬೆರಳು ಕೊಟ್ಟರೆ ಚಿವುಟಬಹುದು.

## ಹಂತ 9: ಸಾಕಿ ಖಚಿತಪಡಿಸಿಕೊಳ್ಳುವುದು

ಮರಿಹುಳುವಿನಿಂದ ಪ್ರಭೇದ ಹೇಳುವುದು ಕಷ್ಟ. ನಿಶ್ಚಯ ಬೇಕಿದ್ದರೆ ಪತಂಗ ಹೊರಬರುವವರೆಗೆ ಸಾಕಬೇಕು.

9.1. ಹುಳು ಸಿಕ್ಕ ಗಿಡದ ಎಲೆಯನ್ನೇ ಕೊಡಿ. ಪಟ್ಟಿಯಲ್ಲಿ ಹತ್ತು ಗಿಡಗಳಿದ್ದರೂ, ಒಂದರ ಮೇಲೆ ಬೆಳೆದ ಹುಳು ಇನ್ನೊಂದನ್ನು ಮುಟ್ಟದೆ ಸಾಯಬಹುದು. ಎಲೆಯ ಮೇಲೆ ನೀರು ಇರಬಾರದು, ಔಷಧ ಹೊಡೆದ ಗಿಡದ್ದಾಗಿರಬಾರದು.

9.2. ಗಾಳಿಯಾಡುವ ಬಲೆ ಪೆಟ್ಟಿಗೆ ಬಳಸಿ, ಹಿಕ್ಕೆಯನ್ನು ದಿನವೂ ತೆಗೆಯಿರಿ. ಡಬ್ಬಿಯ ಗೋಡೆಯಲ್ಲಿ ಹನಿ ಕಟ್ಟುತ್ತಿದ್ದರೆ ಬೂಷ್ಟು ಮತ್ತು ರೋಗ ಹತ್ತಿರದಲ್ಲಿದೆ ಎಂದರ್ಥ.

9.3. ಹುಳು ಒಂದು ದಿನ ತಿನ್ನದೆ, ಅಲುಗದೆ ಕುಳಿತರೆ ಗಾಬರಿ ಬೇಡ, ಪೊರೆ ಕಳಚಲು ಸಿದ್ಧವಾಗುತ್ತಿದೆ. ನಾಲ್ಕು ಸಲ ಹೀಗೆ ಆಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಹಿಡಿದೆಳೆದರೆ ಕಾಲುಗಳು ಕಿತ್ತು ಸಾಯುತ್ತದೆ. ಎಲೆ ಬದಲಿಸಬೇಕಿದ್ದರೆ ಹುಳು ಕುಳಿತ ಕಡ್ಡಿಯನ್ನೇ ಕತ್ತರಿಸಿ ಹೊಸ ಸೊಪ್ಪಿನ ಜೊತೆ ಇಡಿ.

9.4. ಬಣ್ಣ ಮಂಕಾಗಿ, ಹುಳು ಎಲೆ ಬಿಟ್ಟು ತಳದಲ್ಲಿ ಓಡಾಡತೊಡಗಿದರೆ ಮಣ್ಣಿಗೆ ಇಳಿಯುವ ಹೊತ್ತು. ಕನಿಷ್ಠ 15ರಿಂದ 20 ಸೆಂ.ಮೀ. ಆಳದ ಸಡಿಲ ಮಣ್ಣು ಕೊಡಿ. ಹಿಡಿಯಲ್ಲಿ ಅದುಮಿದರೆ ಮುದ್ದೆಯಾಗಬೇಕು, ನೀರು ಒಸರಬಾರದು. ಹೆಚ್ಚಿನ ಹುಳುಗಳು ಸಾಯುವುದು ಇಲ್ಲಿ, ಮಣ್ಣು ಕೊಡಲು ತಡವಾದಾಗ.

9.5. ಮಣ್ಣನ್ನು ಕೆದಕಬೇಡಿ. ಒಳಗೆ ಅದು ನುಣುಪಾದ ಕೋಣೆ ಮಾಡಿಕೊಂಡು ಕೋಶವಾಗುತ್ತದೆ. ಹೊಲ ಅಗೆಯುವಾಗ ಕೋಶವೇ ಸಿಕ್ಕರೆ ಸೊಂಡಿಲಿನ ಭಾಗ ನೋಡಿ: ಅಗ್ರಿಯಸ್‌ನಲ್ಲಿ ಅದು ಹೂಜಿಯ ಹಿಡಿಯಂತೆ ದೇಹದಿಂದ ಹೊರಗೆ ಬಾಗಿರುತ್ತದೆ, ಅಕೆರೋಂಟಿಯಾದಲ್ಲಿ ದೇಹಕ್ಕೆ ಅಂಟಿರುತ್ತದೆ. ಕುಂಚದಿಂದ ಮುಟ್ಟಿದಾಗ ಹೊಟ್ಟೆಯ ಭಾಗ ತಿರುಚಿದರೆ ಜೀವವಿದೆ; ಹಗುರವಾಗಿ ಸೆಟೆದಿದ್ದರೆ ಇಲ್ಲ.

9.6. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ವಾರಗಳಲ್ಲಿ ಪತಂಗ ಬರುತ್ತದೆ, ತಂಪಿನಲ್ಲಿ ತಿಂಗಳುಗಳೇ ಹಿಡಿಯಬಹುದು. ಮಣ್ಣಿನಲ್ಲಿ ಒರಟು ತೊಗಟೆಯ ಕೋಲೊಂದನ್ನು ಮೊದಲೇ ನಿಲ್ಲಿಸಿ. ಹೊರಬಂದ ಪತಂಗ ಮೇಲಕ್ಕೆ ಹತ್ತಿ ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಟ್ಟು ಉಬ್ಬಿಸಬೇಕು. ಹತ್ತಲು ಏನೂ ಸಿಗದಿದ್ದರೆ ರೆಕ್ಕೆಗಳು ಸುಕ್ಕಾಗಿಯೇ ಗಟ್ಟಿಯಾಗುತ್ತವೆ, ಆಮೇಲೆ ಸರಿಪಡಿಸಲು ಆಗುವುದಿಲ್ಲ.

*ಎಚ್ಚರಿಕೆಯ ಚಿಹ್ನೆಗಳು:* ಹುಳುವಿನ ಮೈಮೇಲೆ ಅಕ್ಕಿಕಾಳಿನಷ್ಟಿರುವ ಬಿಳಿ ಗೂಡುಗಳು ಇದ್ದರೆ ಪರಾವಲಂಬಿ ಕಣಜ ಒಳಗಿನಿಂದ ತಿಂದಾಗಿದೆ, ಅದು ಪತಂಗವಾಗುವುದಿಲ್ಲ. ಹುಳು ಮೆತ್ತಗಾಗಿ, ಕಪ್ಪು ದ್ರವ ಸೋರುತ್ತ ಜೋತುಬಿದ್ದರೆ ಸೋಂಕು ತಗುಲಿದೆ. ಅದನ್ನು ಬೇರ್ಪಡಿಸಿ, ಪೆಟ್ಟಿಗೆಯನ್ನು ತೊಳೆದು ಬಿಸಿಲಿಗೆ ಒಣಗಿಸದೆ ಇನ್ನೊಂದು ಹುಳುವನ್ನು ಅದರಲ್ಲಿ ಬಿಡಬೇಡಿ.

## ಹಂತ 10: ಬಿಡುವುದು ಮತ್ತು ದಾಖಲಿಸುವುದು

ಹೊಸ ಪತಂಗದ ರೆಕ್ಕೆ ಪೂರ್ತಿ ಗಟ್ಟಿಯಾದ ಬಳಿಕ ಹಂತ 4ರ ನಾಲ್ಕು ಫೋಟೋ ತೆಗೆದು, ಕತ್ತಲಾದ ಮೇಲೆ ಹುಳು ಸಿಕ್ಕ ಜಾಗದಲ್ಲೇ ಮರದ ಕಾಂಡಕ್ಕೆ ಹತ್ತಿಸಿ ಬಿಡಿ. ಗಾಳಿಗೆ ಎಸೆಯಬೇಡಿ, ಸ್ನಾಯು ಬಿಸಿಯಾಗದ ಪತಂಗ ನೆಲಕ್ಕೆ ಬೀಳುತ್ತದೆ. ಹಗಲಲ್ಲಿ ಬಿಟ್ಟರೆ ಹಕ್ಕಿಗಳ ಪಾಲು.

ದಾಖಲೆಯಲ್ಲಿ ಪ್ರಭೇದದ ಹೆಸರಿನ ಪಕ್ಕದಲ್ಲಿ ಯಾವ ಗುರುತಿನಿಂದ ನಿರ್ಧರಿಸಿದಿರಿ ಎಂದೂ ಬರೆಯಿರಿ: ‘ಸ್ಟಿಕ್ಸ್, ಅಡಿಭಾಗದಲ್ಲಿ ಎರಡು ಪಟ್ಟೆ, ನಡುಚುಕ್ಕೆ ಕಿತ್ತಳೆ’ ಎಂಬಂತೆ. ಹಿಂದಿನ ರೆಕ್ಕೆಯೂ ಅಡಿಭಾಗವೂ ಕಾಣಸಿಗದಿದ್ದರೆ ‘ಅಕೆರೋಂಟಿಯಾ, ಪ್ರಭೇದ ನಿರ್ಧಾರವಾಗಿಲ್ಲ’ ಎಂದು ಬರೆದು ಬೆನ್ನಿನ ಫೋಟೋವನ್ನು ಜೊತೆಗಿಡಿ. ಅದೂ ಉಪಯೋಗಕ್ಕೆ ಬರುವ ದಾಖಲೆ.